ಪ್ಲಾಸ್ಟಿಕ್ಕಿನೊಳಗಿನ ಜನನ ಪತ್ರ

ಅಂಗಡಿಯಿಂದ
ಜುಲೈ ೧೭, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನೀನೂ ಅಳಿಯಂದಿರೂ ಕ್ಷೇಮವೇ? ನಿನ್ನ ಬೆನ್ನುನೋವು ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಬರೆಯಲು ನಿನ್ನ ಅಮ್ಮ ಮೂರು ಸಲ ಹೇಳಿದ್ದಾಳೆ. ಮೂರನ್ನೂ ಇದೊಂದರಲ್ಲೇ ಸೇರಿಸಿಕೊಂಡುಬಿಡು. ನಿನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಹಾಗಾಗಿ ಪಾಸ್‌ಪೋರ್ಟಿನ ಫೋಟೋದಲ್ಲಿ ಬಾಯಿ ಬಿಗಿದುಕೊಂಡು ದೊಡ್ಡ ಅಧಿಕಾರಿಯ ಹಾಗೆ ಕೂತಿದ್ದಾಳೆ.

ಇನ್ನು ನನ್ನ ಗೋಳು ಕೇಳು. ಅವಳು ಗಡಿ ದಾಟಿ ನಿಮ್ಮ ಹತ್ತಿರ ಬರಬೇಕಾದರೆ ಅವಳದೇ ಪಾಸ್‌ಪೋರ್ಟ್ ಬೇಕು, ತಂದೆತಾಯಿಯ ಒಪ್ಪಿಗೆ ಪತ್ರ ಬೇಕು, ಮೂಲ ಜನನ ಪತ್ರ ಬೇಕು. ನೀವಿಬ್ಬರೂ ಸಹಿ ಹಾಕಿ ಕಳಿಸಿದ ಒಪ್ಪಿಗೆ ಪತ್ರ ತಲುಪಿದೆ. ಜನನ ಪತ್ರ ಹಿಡಿದುಕೊಂಡು ಎದೆಯುಬ್ಬಿಸಿಕೊಂಡೇ ಪಾಸ್‌ಪೋರ್ಟ್ ಕೌಂಟರಿಗೆ ಹೋದೆ. ಅಲ್ಲಿದ್ದ ಕನ್ನಡಕದ ಹೆಣ್ಣುಮಗಳು ಅದನ್ನು ಉಗುರಿನಿಂದ ಕೆರೆದು ನೋಡಿ, "ಲ್ಯಾಮಿನೇಷನ್ ಮಾಡ್ಸಿದೀರಲ್ಲ ಯಜಮಾನ್ರೇ, ಇದು ನಡೆಯಲ್ಲ. ಮೊಹರು ಬೆರಳಿಗೆ ಸಿಗ್ಬೇಕು ನಮಗೆ. ಯಾರು ಮಾಡಿದ್ದು ಈ ಕೆಲಸಾನ?" ಅಂದಳು. ಯಾರೆಂದು ಹೇಳಲಿ? ಮೂವತ್ತೊಂದು ವರ್ಷದಿಂದ ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ ಇಟ್ಟವನು ನಾನು. 'ನಿಮ್ಮ ದಾಖಲೆ ಜೀವಮಾನವಿಡೀ ಭದ್ರ' ಎಂದು ಬೋರ್ಡು ಬರೆಸಿದವನು. ಜನನ ಪತ್ರ ಕೈಗೆ ಬಂದ ದಿನವೇ, ಮೊಮ್ಮಗಳದ್ದಲ್ಲವೇ ಎಂದು ಇದ್ದುದರಲ್ಲೇ ದಪ್ಪ ಪ್ಲಾಸ್ಟಿಕ್ ಹಾಳೆ ಆರಿಸಿ, ಅಂಚು ನುಣ್ಣಗೆ ಕತ್ತರಿಸಿ, ನಾನೇ ಲ್ಯಾಮಿನೇಷನ್ ಮಾಡಿದ್ದೆ. ಅದೇನು ಹೆಮ್ಮೆ ನನಗೆ! ಥೂ.

ಮನೆಗೆ ಬಂದು ಬ್ಲೇಡಿನಿಂದ ಬಿಡಿಸಲು ಕೂತೆ. ನನ್ನ ಕೆಲಸ ಎಷ್ಟು ಗಟ್ಟಿ ನೋಡು, ಕಾಗದವೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹರಿದು ಬಂತು. ತಾಯಿಯ ಹೆಸರು ಇರುವ ಕಡೆ ನೀನು ಅರ್ಧ ಹೋದೆ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ನಿನ್ನ ಮಗಳು ಅತ್ತೇಬಿಟ್ಟಳು. ನಿನ್ನ ಅಮ್ಮ ಚೂರುಗಳನ್ನು ಒಂದೊಂದಾಗಿ ಆಯ್ದು ತಟ್ಟೆಗೆ ಹಾಕಿದಳು, ಬೈದಿದ್ದರೇ ವಾಸಿಯಿತ್ತು. ಅಲ್ಲಿಂದ ಶುರುವಾಯಿತು ನೋಂದಣಿ ಕಚೇರಿಯ ಅಲೆದಾಟ. ಹೊಸ ಪ್ರತಿ ಬೇಕಾದರೆ ಹಳೆಯದನ್ನು ತನ್ನಿ ಅಂದರು, ತೆಗೆದುಕೊಂಡು ಹೋದೆ. ಇದು ಹರಿದಿದೆಯಲ್ಲ ಅಂದರು. ಹರಿದಿದೆ ಅಂತಲೇ ಅಲ್ಲವೇನಯ್ಯಾ ಹೊಸದು ಕೇಳುತ್ತಿರುವುದು! ರಿಜಿಸ್ಟರ್ ಇರುವ ಬೀರುವಿನ ಕೀಲಿ ರಜೆಯಲ್ಲಿರುವವನ ಜೇಬಿನಲ್ಲಂತೆ. ಐದು ವಾರ ಚಪ್ಪಲಿ ಸವೆಸಿದ್ದೇನೆ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಎರಡು ವರ್ಷದಿಂದ ಇವಳು ನಮ್ಮ ಜೊತೆಗಿದ್ದಾಳೆ. ಶಾಲೆ ಬಿಟ್ಟು ನೇರ ಅಂಗಡಿಗೆ ಬಂದು ಹಾಳೆ ಜೋಡಿಸಿ ಕೊಡುತ್ತಾಳೆ, ಗಿರಾಕಿಗಳಿಗೆ ಗದರುತ್ತಾಳೆ. ದಿನವೂ ಒಂದೇ ಪ್ರಶ್ನೆ: "ತಾತ, ಇವತ್ತಾದ್ರೂ ಬಂತಾ?" ನಿಮ್ಮಲ್ಲಿಯ ಶಾಲೆಯವರು ಮುಂದಿನ ತಿಂಗಳ ಕೊನೆಯವರೆಗೆ ಮಾತ್ರ ಸೀಟು ಇಡುತ್ತಾರೆ ಎಂದು ನೀನು ಬರೆದದ್ದು ನೆನಪಿದೆ. ಕಚೇರಿ ವ್ಯವಹಾರ, ಇನ್ನೆಷ್ಟು ದಿನವೋ ಹೇಳಲಾರೆ.

ಇಬ್ಬರಿಗೂ ನಮ್ಮ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಜಗಳ ಆಮೇಲೆ ಆಡಿ.

ನಿನ್ನ
ಅಪ್ಪ

ತಾ.ಕ.: ಶುಕ್ರವಾರ. ಲಕೋಟೆ ಅಂಟಿಸುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಹೊಸ ಜನನ ಪತ್ರ ಸೋಮವಾರವೇ ಬಂದಿತ್ತು. ಯಾರಿಗೂ ಹೇಳದೆ ಅಂಗಡಿಯ ಡ್ರಾಯರಿನಲ್ಲಿ ಇಟ್ಟಿದ್ದೆ. ನಿನ್ನೆ ಈ ಪತ್ರ ಮುಗಿಸಿದ ಮೇಲೆ ಮೆಷಿನ್ ಬಿಸಿ ಮಾಡಿ, ಅದನ್ನು ದಪ್ಪ ಹಾಳೆಯೊಳಗೆ ಇಟ್ಟು, ರೋಲರಿನ ಬಾಯಿಯವರೆಗೆ ಹಿಡಿದಿದ್ದೆ. ಒಳಗೆ ಹೋದರೆ ಶಾಲೆಯ ಸೀಟು ತಪ್ಪಿ ಅವಳು ಇನ್ನೊಂದು ವರ್ಷ ಇಲ್ಲೇ ಇರುತ್ತಾಳೆಂದು ಗೊತ್ತಿತ್ತು. ಕೈ ಅಭ್ಯಾಸ ಎಂದಿದ್ದರೆ ನೀನೂ ನಂಬುತ್ತಿದ್ದೆ. ಅಷ್ಟರಲ್ಲಿ ಅವಳು ಶಾಲೆಯಿಂದ ಬಂದವಳೇ, "ಬೇಡ ತಾತ! ಅಮ್ಮ ಮತ್ತೆ ಹರಿದು ಹೋಗ್ತಾಳೆ" ಅಂದಳು. ಸ್ವಿಚ್ ಆರಿಸಿದೆ. ಇವತ್ತು ಬೆಳಗ್ಗೆ ಇಬ್ಬರೂ ಕೌಂಟರಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ರಸೀತಿಯನ್ನೂ ಜನನ ಪತ್ರವನ್ನೂ ನಿನ್ನ ಅಮ್ಮನ ಕೈಗೆ ಕೊಟ್ಟಿದ್ದೇನೆ; ನನ್ನ ಹತ್ತಿರ ಇರುವುದು ಬೇಡ.