ಜೊಂಡಿನಲ್ಲಿ ಬಿದ್ದ ದಾರಿ

ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ತಲುಪಿ ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪು ನನ್ನದೇ. ಬರೆಯಲು ಕೂತಾಗಲೆಲ್ಲ "ನಾವೆಲ್ಲ ಕ್ಷೇಮ" ಎಂಬಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ನಾನು ಕೂಗಿದರೆ ನಿನ್ನೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಇದು ಬೀದಿಗೆ ಹೇಳುವ ವಿಷಯವಲ್ಲ.

ಮೊದಲು ಮನೆಯ ಸುದ್ದಿ. ಮಗ ಪಂಪು ರಿಪೇರಿ ಅಂಗಡಿಯನ್ನು ಬಸ್ ನಿಲ್ದಾಣದ ಹತ್ತಿರಕ್ಕೆ ಸಾಗಿಸಿದ್ದಾನೆ. ಸೊಸೆ ಎಂದಿನಂತೆ ಮಾತು ಕಡಿಮೆ, ಕೆಲಸ ಹೆಚ್ಚು. ಹಕ್ಕಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುವ ಹಿತ್ತಿಲ ಕೋಣೆಗಳಿಗೆ ಈ ವರ್ಷ ಸುಣ್ಣ ಬಳಿಸಿದೆ. ಬಳಿಸಿ ಏನು ಬಂತು? ಈಗ ಎರಡೂ ಖಾಲಿ. ಒಂದನ್ನು ನಾನೇ ಖಾಲಿ ಮಾಡಿಸಿದೆ.

ನಿನ್ನ ಭಾವ ಜೌಗಿನ ಕಾವಲು ಕೆಲಸದಿಂದ ನಿವೃತ್ತರಾದರೂ ಜೌಗು ಅವರನ್ನು ಬಿಟ್ಟಿಲ್ಲ. ಕತ್ತಿನಲ್ಲಿ ಆ ಹಳೆಯ ದುರ್ಬೀನು ಇಲ್ಲದೆ ಅವರು ಕ್ಷೌರಕ್ಕೂ ಹೋದವರಲ್ಲ. ಊರವರು ಕರೆಯುವುದೂ 'ದುರ್ಬೀನು' ಎಂದೇ, ನನ್ನೆದುರು ಮಾತ್ರ ಯಾರಿಗೂ ಧೈರ್ಯವಿಲ್ಲ. ಈ ಸಲ ಮಳೆಗಾಲದಲ್ಲಿ, ಎಷ್ಟೋ ವರ್ಷದಿಂದ ಕಾಣದಿದ್ದ ಸಾರಸದ ಜೋಡಿಯೊಂದು ಬಂದು ನಮ್ಮ ಹಿತ್ತಿಲಾಚೆಯ ಜೊಂಡಿನ ನಡುವೆ ಗೂಡು ಮಾಡಿತು. ಆಳೆತ್ತರದ ಹಕ್ಕಿ, ಆದರೆ ಗೂಡು ಮಾತ್ರ ನೀರಿಗೆ ತಾಗಿದಂತೆ, ಕಿತ್ತ ಜೊಂಡಿನ ಒಂದು ಗುಡ್ಡೆ. ಅದರಲ್ಲಿ ಎರಡು ಮೊಟ್ಟೆ. ಆ ದಿನ ಇವರು ಗಂಬೂಟು ಕಳಚದೆ ಅಡುಗೆಮನೆಗೇ ನುಗ್ಗಿ, "ಬಂದಿದಾವೆ ಕಣೇ! ಮೊಟ್ಟೆ ಇಟ್ಟಿದಾವೆ!" ಎಂದರು. ನೆಲವೆಲ್ಲ ಕೆಸರು. ನಾನು ಬೈಯಲಿಲ್ಲ. ಸೊಸೆ ನನ್ನ ಮುಖವನ್ನೇ ನೋಡಿದಳು, ಹುಷಾರಿದ್ದೇನೋ ಇಲ್ಲವೋ ಎಂದು.

ಗೂಡು ನೋಡಲು ಹೋಗುವುದಕ್ಕೆ ಇವರದೊಂದು ಕ್ರಮವಿದೆ. ಹೋದ ದಾರಿಯಲ್ಲಿ ಮತ್ತೆ ಹೋಗಬಾರದು. ಈ ಸಲ ಏರಿಯ ಕಡೆಯಿಂದ ಹೋದರೆ, ಕೆಲವು ದಿನ ಬಿಟ್ಟು ಕಾಲುವೆಯ ಕಡೆಯಿಂದ. ಬರುವಾಗ ಮಲಗಿದ ಜೊಂಡನ್ನು ಕೋಲಿನಿಂದ ಎತ್ತಿ ನಿಲ್ಲಿಸುತ್ತಾ ಬರಬೇಕು. ಜೊಂಡಿನಲ್ಲಿ ದಾರಿ ಬಿದ್ದರೆ ನಾಯಿಗೂ ನರಿಗೂ ಕೈಮರ ನೆಟ್ಟ ಹಾಗೆ. ಕಾವಲಿಗೆ ಹೊಸದಾಗಿ ಸೇರಿದವರಿಗೆಲ್ಲ ಇವರು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಒಂದು ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ. ನಮ್ಮ ಹಿತ್ತಿಲ ಬಾಗಿಲಿಂದ ನೇರ ಗೂಡಿನವರೆಗೆ, ಬೈತಲೆ ತೆಗೆದ ಹಾಗೆ, ಜೊಂಡಿನಲ್ಲಿ ದಾರಿ ಬಿದ್ದಿತ್ತು.

ಆಗ ಕೋಣೆಯಲ್ಲಿದ್ದವರು ಪ್ರತಿ ವರ್ಷ ಬರುವ ಹಲ್ಲಿನ ಡಾಕ್ಟರು. ಅವರ ಕ್ಯಾಮೆರಾ ನೀನು ನೋಡಿಲ್ಲ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳಬೇಕು. ನನಗೆ ಬೇರೆ ಯಾರ ಮೇಲೂ ಅನುಮಾನ ಬರಲಿಲ್ಲ. ಅಂಗಳದಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದೆ.

"ಏನ್ ಡಾಕ್ಟ್ರೇ, ಹಲ್ಲು ಕಿತ್ತಿದ್ದು ಸಾಲದು ಅಂತ ಗೂಡು ಕೀಳೋಕೆ ಬಂದ್ರಾ?"

"ಇಲ್ಲಮ್ಮಾ, ನಾನು ಏರಿ ಬಿಟ್ಟು ಕೆಳಗೇ ಇಳಿದಿಲ್ಲ."

"ಹಾಗಾದ್ರೆ ಆ ದಾರಿ ಮಾಡಿದ್ಯಾರು? ನಮ್ಮನೆಯವರಾ? ದಾರಿ ಬೀಳದ ಹಾಗೆ ನಡೆಯೋದನ್ನ ಈ ಜಿಲ್ಲೆಗೇ ಕಲಿಸಿದೋರು ಅವರು!"

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಜಗಲಿಯಲ್ಲಿ ಕೂತಿದ್ದ ನಿನ್ನ ಭಾವನ ಕಡೆ ನೋಡಿದರು. "ನಂದೇ ತಪ್ಪಮ್ಮಾ" ಎಂದು ಹೇಳಿ ಚೀಲ ಕಟ್ಟಿದರು. ಇವರೂ ತಲೆಯಾಡಿಸಿ, "ಛೆ, ಓದಿದೋರು ಹೀಗೆ ಮಾಡಬಾರದಪ್ಪ" ಎಂದರು. ಮನಸಾರೆ ಅಂದರು ಪುಟ್ಟಿ, ನಟನೆಯಲ್ಲ.

ಡಾಕ್ಟರು ಹೋದರು, ದಾರಿ ಹೋಗಲಿಲ್ಲ. ಇನ್ನೂ ಅಗಲವಾಯಿತು. ಆಮೇಲೊಂದು ಬೆಳಿಗ್ಗೆ ಆ ದಾರಿಯಲ್ಲಿ ಬೀದಿ ನಾಯಿಗಳು ಸಾಲಾಗಿ ವಾಪಸು ಬರುತ್ತಿದ್ದವು, ಮದುವೆ ಊಟ ಮುಗಿಸಿ ಬರುವವರ ಹಾಗೆ ನಿಧಾನವಾಗಿ. ನಾನು ಕಲ್ಲು ಹೊಡೆದೆ. ಇನ್ನು ಹೊಡೆದು ಏನು?

ಮೊಟ್ಟೆ ಹೋದದ್ದಕ್ಕಿಂತ ಆಮೇಲೆ ಕಂಡದ್ದು ಕಷ್ಟ. ಹೆಣ್ಣು ಹಕ್ಕಿ ಆ ಖಾಲಿ ಗುಡ್ಡೆಯ ಮೇಲೆ ಕಾವು ಕೂತೇ ಇತ್ತು. ಗಂಡು ಬಂದಾಗ ಎದ್ದು ಜಾಗ ಬಿಟ್ಟುಕೊಡುತ್ತಿತ್ತು, ಗಂಡು ಕೂರುತ್ತಿತ್ತು. ಸರದಿ ತಪ್ಪಿಸಲಿಲ್ಲ. ಮಹಡಿಯ ಮೇಲೆ ನಿಂತು ನೋಡಿದೆ, ನೋಡಬಾರದಿತ್ತು. ಒಂದು ದಿನ ಎರಡೂ ಕತ್ತೆತ್ತಿ ಕೂಗಿ ಹಾರಿಹೋದವು.

ಆ ದಿನ ನಾನು ಪಾತ್ರೆ ಬೆಳಗುವ ಕಲ್ಲಿನ ಹತ್ತಿರ ನಿಂತು ಡಾಕ್ಟರ ವಂಶವನ್ನೆಲ್ಲ ಬೈಯುತ್ತಿದ್ದೆ. ಸೊಸೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಅತ್ತೆ, ಸಾಕು. ಪಾಪ, ಅವರನ್ನ ಬೈಬೇಡಿ. ಆ ದಾರಿ ಮಾವಂದು."

"ಏನಂದೆ?"

"ಮಾವ ಬೆಳಿಗ್ಗೆ ಗೂಡು ನೋಡಿ ಬರ್ತಾರೆ. ಚಹಾ ಕುಡೀತಾರೆ. 'ಇವತ್ತು ಗೂಡಿನ ಕಡೆ ಹೋಗ್ಲೇ ಇಲ್ಲ ಕಣಮ್ಮಾ' ಅಂತ ಮತ್ತೆ ಹೊರಡ್ತಾರೆ. ಊಟ ಆದ್ಮೇಲೆ ಮತ್ತೆ. ಹೋಗಿ ಬಂದಿದ್ದು ನೆನಪಿದ್ರೆ ತಾನೆ ದಾರಿ ಬದಲಾಯಿಸೋದು? ಡಾಕ್ಟ್ರೂ ನೋಡಿದಾರೆ."

"ನನಗ್ಯಾಕೆ ಹೇಳ್ಲಿಲ್ಲ?"

"ಮಾವನಿಗೆ ಮರೆವು ಜಾಸ್ತಿ ಆಗ್ತಿದೆ ಅಂದಿದ್ದಕ್ಕೆ ನಿಮ್ಮ ಮಗನ ಹತ್ರಾನೇ ಮಾತು ಬಿಟ್ರಿ. ನಾನು ಯಾವ ಲೆಕ್ಕ ಅತ್ತೆ?"

ನನಗೆ ಉತ್ತರ ಕೊಟ್ಟವಳಲ್ಲ ಅವಳು. ಆ ದಿನ ಕೊಟ್ಟಳು, ನಾನು ಕೇಳಿಸಿಕೊಂಡೆ.

ನಂತರ ಡಾಕ್ಟರಿಗೆ ಫೋನು ಮಾಡಿದೆ. ಕ್ಷಮಿಸಿ ಎನ್ನಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು, "ಕೋಣೆ ಖಾಲಿ ಇದೆ" ಎಂಬ ಮಾತು. ಅವರು, "ಯಜಮಾನರು ಹೇಗಿದಾರಮ್ಮಾ?" ಎಂದರು. ಫೋನು ಸೊಸೆಯ ಕೈಗೆ ಕೊಟ್ಟೆ.

ಹಕ್ಕಿ ಹೋದ ಮೇಲಾದರೂ ಇದು ಮುಗಿಯಿತೆಂದುಕೊಂಡೆ. ಇಲ್ಲ. ಇವರು ದುರ್ಬೀನು ಹಾಕಿಕೊಂಡು ಖುಷಿಯಾಗಿ ಹೊರಡುತ್ತಾರೆ. ಖಾಲಿ ಗೂಡು ನೋಡಿ ಅಳುತ್ತಾ ಬರುತ್ತಾರೆ. "ಮೊಟ್ಟೆ ಹೋಗಿದಾವೆ ಕಣೇ, ನಾಯಿ ತಿಂದಿದೆ! ದಾರಿ ಮಾಡಿದಾನೆ ಯಾವನೋ ಪಾಪಿ!" ಎಂದು ಎದೆ ಹಿಡಿದುಕೊಳ್ಳುತ್ತಾರೆ. ಸಮಾಧಾನ ಮಾಡಿ ಚಹಾ ಕೊಡುತ್ತೇನೆ. ಚಹಾ ಮುಗಿಯುವಷ್ಟರಲ್ಲಿ ಮರೆತಿರುತ್ತಾರೆ, ಮತ್ತೆ ಗಂಬೂಟು ಹುಡುಕುತ್ತಾರೆ. ಮನುಷ್ಯ ಒಂದು ದುಃಖವನ್ನು ಒಂದು ಸಲ ಪಟ್ಟರೆ ಸಾಲದೆ? ಹೋಗಬೇಡಿ ಎಂದರೆ ನಿಲ್ಲುವವರಲ್ಲ. ಮೊಟ್ಟೆ ಒಡೆದು ಮರಿ ಬಂತು ಎಂದು ಸುಳ್ಳು ಹೇಳಿದೆ; ಮರಿ ನೋಡಲು ಇನ್ನೂ ಬೇಗ ಓಡಿದರು. ಮೊನ್ನೆ ಕಾಲುವೆಯಲ್ಲಿ ಜಾರಿ ಎದೆಮಟ್ಟ ನೀರಲ್ಲಿ ನಿಂತಿದ್ದರು. ಮಗ ಎತ್ತಿ ತಂದ.

ಅದಕ್ಕೇ ಮನೆಗೆ ಬೀಗ ಹಾಕಿಸಿದ್ದೇನೆ, ಮುಂಬಾಗಿಲಿಗೂ ಹಿಂಬಾಗಿಲಿಗೂ. ಗೂಡು ಉಳಿಸಲು ಹಾಕಬೇಕಿದ್ದ ಬೀಗವನ್ನು ಗೂಡು ಹೋದ ಮೇಲೆ ಹಾಕಿದೆ. ಕೀಲಿ ನನ್ನ ಸೆರಗಿನ ತುದಿಯಲ್ಲಿದೆ. ಆಸ್ಪತ್ರೆಗೂ ತೋರಿಸಿದ್ದಾಯಿತು, ಈ ಮರೆವು ವಾಸಿಯಾಗುವ ಕಾಯಿಲೆಯಲ್ಲವೆಂದು ಅಲ್ಲಿಯವರು ಹೇಳಿದ್ದಾರೆ. ನಾನೂ ಕೇಳಲಿಲ್ಲ, ಅವರೂ ಸುತ್ತಿ ಬಳಸಿ ಹೇಳಲಿಲ್ಲ.

ನೀನು ಹೊರಟು ಬರುವುದು ಬೇಡ. ಬಂದು ನೀನು ಅತ್ತರೆ ನಾನು ನಿನ್ನನ್ನೂ ಸುಧಾರಿಸಬೇಕು. ಕಿವಿಗೆ ಹಾಕಿಕೊಳ್ಳುವ ಔಷಧಿ ಬಿಡಬೇಡ. ನಿನ್ನ ಮಕ್ಕಳಿಗೆ, ಮೊಮ್ಮಗಳಿಗೆ ದೇವರು ಆಯುಸ್ಸು ಕೊಡಲಿ, ಅದರ ಜೊತೆಗೆ ನೆನಪನ್ನೂ ಕೊಡಲಿ.

ನಿನ್ನ ಅಕ್ಕ

ಮತ್ತೊಂದು ಮಾತು. ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಯಾರಿಗೂ ಹೇಳಿಲ್ಲ. ನಿನ್ನೆ ಸಂಜೆ ಇವರು ಬಾಗಿಲ ಹತ್ತಿರ ನಿಂತು ಚಿಲಕ ಎಳೆಯುತ್ತಿದ್ದರು. ನಾನು ಹತ್ತಿರ ಹೋದೆ. ನನ್ನನ್ನು ನೋಡಿ ಕೈ ಮುಗಿದರು. "ಅಮ್ಮಾ, ನೀವ್ಯಾರೋ ಗೊತ್ತಿಲ್ಲ. ದಯವಿಟ್ಟು ಬಾಗಿಲು ತೆಗೀರಿ. ಕತ್ತಲಾಗ್ತಿದೆ, ಮನೇಲಿ ನಮ್ಮವಳು ಕಾಯ್ತಿರ್ತಾಳೆ. ಬಾಯಿ ಜೋರು, ಆದ್ರೆ ನಾನು ಬರೋವರೆಗೂ ಊಟ ಮಾಡೋಳಲ್ಲ" ಎಂದರು. ನಾನೇ ಅವಳು ಎನ್ನಲು ಬಾಯಿ ಬರಲಿಲ್ಲ ಪುಟ್ಟಿ. "ಅವರಿಗೆ ಹೇಳಿ ಕಳಿಸಿದೀನಿ, ಕೂತ್ಕೊಳ್ಳಿ" ಎಂದೆ. "ದೊಡ್ಡ ಉಪಕಾರ ಆಯ್ತಮ್ಮಾ" ಎಂದು ಹೇಳಿ ಕೂತರು. ಬಾಗಿಲ ಕಡೆಗೇ ನೋಡುತ್ತಾ ಕೂತರು.