ಮಳೆತೋಟಕ್ಕೆ ಹಿಡಿಮಣ್ಣು

ಗೌಜಗನಹಟ್ಟಿ ಕಿರಿಯ ಪ್ರಾಥಮಿಕ ಶಾಲೆ,
ಜೂನ್ ಮೂವತ್ತೊಂದು, ೨೧೬೧

ಇದೇ ಶಾಲೆಯ ಅಂಗಳದಲ್ಲಿ ಮೊದಲ ಮಳೆತೋಟ ನೆಡಲಿರುವ ಮೇಷ್ಟ್ರಿಗೆ, ಟೀಚರಮ್ಮನಿಗೆ, ಮಕ್ಕಳಿಗೆ,

ತಾರೀಕು ಕಂಡು ಗಾಬರಿಯಾಗಬೇಡಿ. ತಿಂಗಳುಗಳಲ್ಲಿ ದೊಡ್ಡದು ಚಿಕ್ಕದು ಇರಬಾರದೆಂದು ನಮ್ಮ ಹಿರಿಯರು ಒಮ್ಮೆ ತೀರ್ಮಾನಿಸಿ, ಕೆಲಸ ಮುಗಿಸಲಾಗದೆ ಅರ್ಧಕ್ಕೆ ಬಿಟ್ಟರು. ಜೂನ್‌ಗೆ ಒಂದು ದಿನ ಹೆಚ್ಚಾಗಿ ಉಳಿಯಿತು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿ ಕಾಣಬಹುದು, ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಟಪಾಲು ಒಯ್ಯುವ ಕಚೇರಿ. ಅಲ್ಲಿನವರು ಕಾಗದ ತೆಗೆದುಕೊಳ್ಳುತ್ತಾರೆ, ಮುಟ್ಟುವ ಭರವಸೆ ಕೊಡುವುದಿಲ್ಲ.

ನಾನು ಇಲ್ಲಿ ಒಂದನೇ ತರಗತಿಯ ಮೇಷ್ಟ್ರು. ಬೆಳ್ಳಿ ಮೂಡುವ ಹೊತ್ತಿಗೆ ಗಂಟೆ ಹೊಡೆಯುತ್ತೇವೆ, ಬಿಸಿಲುಗಟ್ಟಿಗೆ ಮುಂಚೆ ಮಕ್ಕಳನ್ನು ನೆಲಮನೆಗೆ ಇಳಿಸುತ್ತೇವೆ. ಬಿಸಿಲುಗಟ್ಟು ಎಂದರೆ ಯಾರೂ ಹೊರಗೆ ಇರಬಾರದ ಹೊತ್ತು. ನೆಲಮನೆ ಎಂದರೆ ತರಗತಿಯ ಕೆಳಗೆ ತೋಡಿದ ತಂಪು ಕೋಣೆ. ಮಕ್ಕಳು ಅಲ್ಲಿ ಚಾಪೆಯ ಮೇಲೆ ಮಗ್ಗಿ ಹೇಳುತ್ತ ನಿದ್ದೆಹೋಗುತ್ತಾರೆ. ತಟ್ಟೆ ತೊಳೆದ ನೀರು ಗೋಡೆಗೆ ಎರಚುತ್ತೇವೆ, ಗೋಡೆಯಿಂದ ಇಳಿದದ್ದು ಕೋಳಿಗಳಿಗೆ. ಮಳೆ ನಿಮ್ಮಲ್ಲಿ ಹನಿಯುತ್ತದಂತೆ. ಇಲ್ಲಿ ಯಾವಾಗಲೋ ಒಮ್ಮೆ ಕೊಡ ಬೋರಲು ಹಾಕಿದ ಹಾಗೆ ಬಂದು, ಕಿಟಕಿ ಮುಚ್ಚುವಷ್ಟರಲ್ಲಿ ಹೋಗುತ್ತದೆ. ಅದನ್ನು ಯಾರು ನೆಲಕ್ಕೆ ಇಂಗಿಸಿದರೋ ಅವರಿಗಷ್ಟೇ ಬೋರ್‌ವೆಲ್ಲಿನ ನೀರು. ಇದಕ್ಕೆ ಇಂಗುಪಾಲು ಎನ್ನುತ್ತೇವೆ. ಮಳೆಗಾಲದಲ್ಲಿ ಅಳತೆಯವರು ಬಂದು ಅಂಗಳಕ್ಕೆ ಕೊಳವೆ ಇಳಿಸಿ ನೋಡುತ್ತಾರೆ. ನೆಲ ನೀರು ಕುಡಿದಿರದಿದ್ದರೆ ಶಾಲೆಗೆ ಪಾಲಿಲ್ಲ. ಪಾಲಿಲ್ಲದ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ದೂರದ ವಸತಿಶಾಲೆಗೆ ಹಾಕುತ್ತಾರೆ. ಆರು ವರ್ಷದ ಮಕ್ಕಳನ್ನು. ಕಳೆದ ಸಲ ನಮ್ಮ ಕೊಳವೆ ಒಣಗಿಯೇ ಮೇಲೆ ಬಂತು. ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ನಾಡಿದ್ದು ಬರುತ್ತಾರೆ.

ನೀವು ನೆಡುವುದು ತಗ್ಗಿನ ತೋಟ. ಸೂರಿನ ನೀರು ಬಂದು ನಿಲ್ಲಲಿ, ಒಂದೆರಡು ದಿನದಲ್ಲಿ ಇಂಗಲಿ ಎಂದು ಅಂಗಳ ತೋಡಿ, ಲಾವಂಚ, ಕಾಬಾಳೆ ಗಿಡ ಹಚ್ಚುತ್ತೀರಿ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಂದು ಸಮಾರಂಭ ಮಾಡುತ್ತೀರಿ. ಯಾರೋ ಅತಿಥಿ ಭಾಷಣದ ಹುರುಪಿನಲ್ಲಿ, ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಮಣ್ಣು ತಂದು ಹಾಕಲಿ, ತೋಟ ಎಲ್ಲರದೂ ಆಗಲಿ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮಾತು ಚೆನ್ನಾಗಿದೆ, ಅದೇ ತೊಂದರೆ. ಮರುವರ್ಷವೂ ತರುತ್ತಾರೆ. ಅದರ ಮರುವರ್ಷವೂ. ಈ ಊರಿನಲ್ಲಿ ರಸ್ತೆ ಮರೆತರು, ಕೆರೆ ಮರೆತರು, ಹಿಡಿಮಣ್ಣಿನ ದಿನವನ್ನು ಮಾತ್ರ ಯಾರೂ ಮರೆಯಲಿಲ್ಲ.

ಹೀಗಾಗಿ ನಿಮ್ಮ ತಗ್ಗು ಈಗ ದಿಬ್ಬ. ಸುತ್ತ ಇಟ್ಟಿಗೆ ಓರೆಯಾಗಿ ಹೂತು ಸುಣ್ಣ, ಕಾವಿ ಬಳಿದಿದ್ದಾರೆ. ಮೇಲೆ ಕಳ್ಳಿ, ಗಣಗಲೆ ಬಿಟ್ಟರೆ ಬೇರೇನೂ ಬದುಕುವುದಿಲ್ಲ. ಅಲ್ಲಿಂದ ಜಾರಿದ ನೀರು ನನ್ನ ತರಗತಿಯ ಹೊಸ್ತಿಲು ದಾಟಿ ನೆಲಮನೆಗೆ ಇಳಿಯುತ್ತದೆ. ಚಾಪೆ ಒಣಗಿಸುವುದೇ ಮಳೆಗಾಲದಲ್ಲಿ ನಮ್ಮ ಮುಖ್ಯ ಪಾಠ. ಮಳೆತೋಟಕ್ಕೆ ಮಳೆ ಹತ್ತುತ್ತಿಲ್ಲವೆಂದು ಊರವರು ನೊಂದುಕೊಂಡರು. ನೊಂದುಕೊಂಡು ಪಂಪು ತಂದರು. ಹರಿದುಹೋಗುವ ನೀರನ್ನು ಹಿಡಿದು ದಿಬ್ಬದ ತಲೆಗೆ ಏರಿಸುತ್ತಾರೆ, ಅದು ಮತ್ತೆ ಇಳಿದು ನನ್ನಲ್ಲಿಗೆ ಬರುತ್ತದೆ. ಮಕ್ಕಳ ಓದುವ ಪುಸ್ತಕದಲ್ಲಿ ‘ಮಳೆತೋಟ ಎತ್ತರವಾಗಿದೆ’ ಎಂಬ ವಾಕ್ಯವಿದೆ. ನಾನೇ ಬೆರಳಿಟ್ಟು ಓದಿಸುತ್ತೇನೆ.

ದಿಬ್ಬ ಅಗೆಯೋಣವೆಂದು ಸಭೆಯಲ್ಲಿ ಹೇಳಿದೆ. ಪಂಪು ನೋಡಿಕೊಳ್ಳುವ ಪಾಲಯ್ಯ, ಮೇಷ್ಟ್ರ ಕಡೆ ತೋಟಕ್ಕೆ ಗುಂಡಿ ಅಂತಾರೇನೋ, ಮನೆಗೆ ಬಾವಿ ಅಂತಾರೇನೋ ಎಂದ. ಎಲ್ಲರೂ ನಕ್ಕರು. ಶಾಲಾ ಸಮಿತಿಯ ಯಜಮಾನಿ ಓಬಕ್ಕ ನಗಲಿಲ್ಲ.

“ನಮ್ಮವ್ವ ತಂದಾಕಿದ ಮಣ್ಣು ಐತೆ ಅದ್ರಾಗೆ. ಗುದ್ದಲಿ ಎತ್ತಾಕೆ ನಿಮಗೆ ಕೈ ಹೆಂಗ್ ಬತ್ತೈತೆ ಮೇಷ್ಟ್ರೇ?”

 ನನ್ನಲ್ಲಿ ಇದ್ದದ್ದು ಇಂಗುವಿಕೆಯ ಲೆಕ್ಕ, ಅದು ಉತ್ತರವಲ್ಲ. ಹಾಗಾದರೆ ಅಡುಗೆಕೋಣೆಯ ಹಿಂದೆ ಹೊಸದೊಂದು ತೋಡಲು ಬಿಡಿ ಎಂದು ಬೇಡಿಕೊಂಡೆ. ಅದಕ್ಕೆ ಯಾರೂ ಅಡ್ಡ ಹೇಳಲಿಲ್ಲ. ಅಡ್ಡ ಹೇಳುವುದಿರಲಿ, ಇಡೀ ಊರೇ ಬಂದು ಅಗೆಯಿತು. ಎಲ್ಲರಿಗಿಂತ ಹೆಚ್ಚು ಅಗೆದವನು ಪಾಲಯ್ಯನೇ; ಮೇಷ್ಟ್ರನ್ನು ಹೂಳುವಷ್ಟು ಆಳ ಸಾಕೋ, ಇನ್ನೂ ಬೇಕೋ ಎಂದು ಕೇಳುತ್ತ ಅಗೆದ. ಕಳೆದ ವಾರ ಮಳೆ ಬಂತು. ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಮರುದಿನ ಮಕ್ಕಳು ದಂಡೆಯ ಮೇಲೆ ಸಾಲಾಗಿ ಕೂತು, ನೀರು ನೆಲದೊಳಗೆ ಹೋಗುವುದನ್ನು ನೋಡಿದರು. ನೀರು ಎಲ್ಲಿಗೆ ಹೋಯಿತು ಎಂದು ಒಬ್ಬಳು ಕೇಳಿದಳು. ನಿಮಗಾಗಿ ಹೋಯಿತು ಎಂದೆ. ಸ್ವಲ್ಪ ಹೆಚ್ಚಾಯಿತು, ಆದರೆ ಅಂದು ನಾನು ಸಂತೋಷದಲ್ಲಿದ್ದೆ.

ಇಂದು ಬೆಳಿಗ್ಗೆ ಓಬಕ್ಕ ಶಾಲೆಗೆ ಬಂದರು. ಒಪ್ಪಿಕೊಂಡವರ ಮುಖ ಅವರದು. ಸಂಜೆ ಹೊಸ ತೋಟದ ಪೂಜೆ, ಎಲ್ಲ ಮನೆಗೂ ಹೇಳಿಯಾಗಿದೆ ಎಂದರು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ನೀವು ಇಷ್ಟು ಕಷ್ಟಪಟ್ಟೀರಿ, ಅದು ಬರಿದಾಗಿ ಕಂಡರೆ ಚೆಂದಲ್ಲ. ಈ ಸಲ ಹಿಡಿ ಅಲ್ಲ ಮೇಷ್ಟ್ರೇ, ಮನೆಗೊಂದು ಪುಟ್ಟಿ.”

ಪುಟ್ಟಿ ಎಂದರೆ ಮಣ್ಣು ಹೊರುವ ಬುಟ್ಟಿ. ಬರಿದಾಗಿರುವುದೇ ಅದರ ಕೆಲಸ ಎಂದು ವಿವರಿಸಿದೆ. ಚಿತ್ರ ಬರೆದು ತೋರಿಸಿದೆ. ಕೊಳವೆ, ಪಾಲು, ವಸತಿಶಾಲೆ, ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ನಿಮಗೆ ನಿದ್ದೆ ಸಾಲದು ಎಂದು ಮಜ್ಜಿಗೆ ಕೊಟ್ಟು ಹೋದರು. ಅವರದು ದ್ವೇಷವಾಗಿದ್ದರೆ ಜಗಳವಾಡಬಹುದಿತ್ತು. ಇದು ಗೌರವ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟೇ. ತೋಟ ನೆಡಿ, ಸಮಾರಂಭವನ್ನೂ ಮಾಡಿ. ಬೇಡವೆಂದರೆ ಯಾರೂ ಕೇಳುವುದಿಲ್ಲ. ಆದರೆ ಅತಿಥಿಯನ್ನು ಮೊದಲೇ ಪಕ್ಕಕ್ಕೆ ಕರೆದು ಹೇಳಿ: ಪ್ರತಿ ಮಗುವೂ ಗುಂಡಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಮನೆಗೆ ಒಯ್ಯಲಿ ಎನ್ನಬೇಕು. ಅದೇ ಚಪ್ಪಾಳೆ ಬೀಳುತ್ತದೆ. ನಮ್ಮವರು ಅದನ್ನೂ ಇಷ್ಟೇ ನಿಷ್ಠೆಯಿಂದ ನಡೆಸುತ್ತಾರೆ. ಈ ಜನಕ್ಕೆ ಬುದ್ಧಿ ಹೇಳಲು ನಾನು ಒಂದು ಆಯುಷ್ಯ ಕಳೆದೆ. ಕೊಡಬೇಕಾಗಿದ್ದದ್ದು ಬುದ್ಧಿಯಲ್ಲ, ಬೇರೆ ಪದ್ಧತಿ.

ಬಿಸಿಲು ಇಳಿಯಿತು. ಬೀದಿಯಲ್ಲಿ ಪುಟ್ಟಿ ಹೊತ್ತವರು ಕಾಣುತ್ತಿದ್ದಾರೆ, ಮುಂದೆ ಓಬಕ್ಕ. ಕಾಗದವನ್ನು ಅಂಚೆಯವನ ಕೈಗೆ ಕೊಟ್ಟು, ನಾನು ಹೋಗಿ ಗುಂಡಿಯ ನಡುವೆ ಕೂರುತ್ತೇನೆ. ಬದುಕಿರುವ ಮೇಷ್ಟ್ರ ತಲೆಯ ಮೇಲೆ ಮಣ್ಣು ಸುರಿಯದಷ್ಟು ಮರ್ಯಾದೆ ಈ ಊರಿನಲ್ಲಿ ಇನ್ನೂ ಇದೆ ಎಂದುಕೊಂಡಿದ್ದೇನೆ. ನಾಡಿದ್ದು ಅಳತೆಯವರು ಬರುವವರೆಗೆ ಕೂತರೆ ಸಾಕು.

ಇತಿ,
ಬೊಮ್ಮಲಿಂಗ