ಸೊನ್ನೆ ತಾರೀಖಿನವರು

ಗಿರಿಜಕ್ಕಾ,

ನೀವು ಕಣ್ಮುಚ್ಚಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲವೆಂದು ಮರೆತೆ ಅಂದುಕೊಳ್ಳಬೇಡಿ. ಈಗ ಒಂದು ತಪ್ಪು ಮಾಡಿದ್ದೇನೆ, ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಹರಿಹರದ ನಮ್ಮ ನರ್ಸಿಂಗ್ ಹೋಮಿಗೆ ನಾನು ಬಂದ ಮೊದಲ ದಿನ ನೆನಪಿದೆಯಾ? ನಿಟ್ಟುವಳ್ಳಿಯಿಂದ ಹೊರಟು, ಎರಡು ಬಸ್ಸು ಬದಲಿಸಿ, ಕಂಪ್ಯೂಟರ್ ಕಲಿತ ಜಂಬ ಹೊತ್ತುಕೊಂಡು ಬಂದಿದ್ದೆ. ನೀವು ರೆಕಾರ್ಡ್ ರೂಮಿನಲ್ಲಿ ಕೂತು ರೋಗಿಗಳ ಹಳೆಯ ರಿಜಿಸ್ಟರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದಿರಿ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಬೇಕಾ ಎಂದೂ ಕೇಳದೆ ನನ್ನ ಕೈಗೆ ಅರ್ಧ ರೊಟ್ಟಿ ಇಟ್ಟಿರಿ. ಆ ಫಿನಾಯಿಲ್ ವಾಸನೆಯ ನಡುವೆಯೂ ನಿಮ್ಮ ಶೇಂಗಾ ಚಟ್ನಿಪುಡಿಯ ಘಮ... ನೆನೆದರೆ ಈಗಲೂ ಹಸಿವಾಗುತ್ತದೆ.

ಹಳ್ಳಿಯ ಅಜ್ಜಿಯರು ಬಂದಾಗ ನೀವು ಹುಟ್ಟಿದ ತಾರೀಖು ಕೇಳುತ್ತಿದ್ದಿರಿ, ಅವರು ನಗುತ್ತಿದ್ದರು. ಬೇರೆ ಕಡೆಯಾದರೆ ಸುಮ್ಮನೆ ಜನವರಿ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನೀವು ದಿನ, ತಿಂಗಳು, ವರ್ಷ ಎಲ್ಲಕ್ಕೂ ಸೊನ್ನೆ ಒತ್ತುತ್ತಿದ್ದಿರಿ. ಸೊನ್ನೆ ತಾರೀಖು ಎಲ್ಲಾದರೂ ಇರುತ್ತದಾ ಎಂದು ನಾನು ಗೇಲಿ ಮಾಡಿದ್ದಕ್ಕೆ ಹೇಳಿದಿರಿ: "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೇ ಇರ್ಲಿ ಬಿಡವಾ. ಸುಳ್ಳು ಯಾಕ ಬರೀಬೇಕು?" ಆಗಿನ ಡೇಟಾಬೇಸೂ ಪಾಪ, ತಕರಾರಿಲ್ಲದೆ ಅದನ್ನು ಒಪ್ಪಿಕೊಂಡಿತ್ತು.

ಯುಗಾದಿ ಮುಗಿದ ಮೇಲೆ ಡೇಟಾಬೇಸ್ ಬದಲಾಯಿಸಿದೆವು. ಹೊಸದು ಮಹಾ ಶಿಸ್ತಿನದು, ನಿಮ್ಮ ಸೊನ್ನೆಗಳನ್ನೆಲ್ಲ 'ಗೊತ್ತಿಲ್ಲ' ಎಂದು ಬದಲಿಸಿಕೊಂಡೇ ಒಳಗೆ ಸೇರಿಸಿಕೊಂಡಿತ್ತು. ನಮ್ಮಲ್ಲಿ ಹೆಸರಿನ ಜೊತೆ ಹುಟ್ಟಿದ ತಾರೀಖು ಹಾಕಿ ಹುಡುಕುವ ರೂಢಿಯಲ್ಲವಾ, ಸೊನ್ನೆ ಕಂಡ ಕೂಡಲೇ ಈ ಪ್ರಶ್ನೆಯೇ ತಪ್ಪು ಎಂದು ಅದು ತಳ್ಳಿಹಾಕುತ್ತಿತ್ತು. ಕೌಂಟರಿನ ಪ್ರೋಗ್ರಾಂ ಮಾತ್ರ ನಿಮ್ಮ ಕಾಲದ್ದೇ. ಹೆಸರುಗಳ ಪಟ್ಟಿ ಬಿಟ್ಟು ಬೇರೇನು ಬಂದರೂ ಅದು ಅಲ್ಲೇ ನಿಂತುಬಿಡುತ್ತಿತ್ತು. ಹೊರಗೆ ನೋಡಿದರೆ ಜನರ ಸಾಲು. ನಾನೇನು ಮಾಡಿದೆ ಗೊತ್ತಾ? ತಪ್ಪು ಪ್ರಶ್ನೆ ಎಂದು ಡೇಟಾಬೇಸ್ ಅಂದಾಗಲೆಲ್ಲ ಕೌಂಟರಿಗೆ ಖಾಲಿ ಪಟ್ಟಿ ಕಳಿಸುವಂತೆ ನಡುವೆ ಒಂದು ಪ್ರೋಗ್ರಾಂ ಬರೆದೆ. ಕೌಂಟರ್ ಸಲೀಸಾಗಿ ನಡೆಯಿತು, ಎಲ್ಲರೂ ಶಭಾಷ್ ಎಂದರು, ನಾನೂ ಉಬ್ಬಿದೆ. ಕೇಳಿದ್ದು ಅರ್ಥವಾಗಲಿಲ್ಲ ಎನ್ನಬೇಕಾದ ಕಡೆ ಅಂಥವರೇ ಇಲ್ಲ ಎಂದು ಹೇಳಿಸುತ್ತಿದ್ದೇನೆ ಅನ್ನುವುದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಹೋದ ವಾರ ಮಲೆಬೆನ್ನೂರಿನ ಹಾಲಮ್ಮಜ್ಜಿ ಜ್ವರವೆಂದು ಬಂದರು. ಕಂಪ್ಯೂಟರಿನಲ್ಲಿ ಹೆಸರಿಲ್ಲ ಎಂದು ಹೊಸ ಕಾರ್ಡ್ ಮಾಡಿದರು. ಡಾಕ್ಟರು ಇಂಜೆಕ್ಷನ್ ಬರೆದರು. ಸಿಸ್ಟರ್ ಇನ್ನೇನು ಚುಚ್ಚಬೇಕು, ಅಜ್ಜಿ ತೋಳು ಹಿಂದಕ್ಕೆಳೆದುಕೊಂಡರಂತೆ. "ತಡೀರಿ, ಯಾವ್ದೋ ಒಂದು ಸೂಜಿ ನಂಗೆ ಆಗಲ್ಲ ಅಂತ ಗಿರಿಜಮ್ಮ ಬರ್ಕಂಡಿದ್ರು, ನೋಡ್ರಿ." ಹಳೆಯ ರಿಜಿಸ್ಟರ್ ತೆಗೆಸಿದರು. ಅದೇ ಔಷಧಿಯ ಹೆಸರು, ಕೆಂಪು ಶಾಯಿಯಲ್ಲಿ, ನಿಮ್ಮ ದುಂಡು ಅಕ್ಷರದಲ್ಲಿ. ಅಜ್ಜಿಗೆ ನೆನಪಿರದೇ ಹೋಗಿದ್ದರೆ? ಡಾಕ್ಟರು ಕೌಂಟರಿನವಳನ್ನು ಬೈಯುವ ಮೊದಲೇ ಒಳಗೆ ಹೋಗಿ ತಪ್ಪು ನನ್ನದು ಎಂದೆ. ಚೆನ್ನಾಗಿ ಬೈಸಿಕೊಂಡೆ.

ಅವತ್ತೇ ಕೂತು ಸರಿಮಾಡಿದೆ. ಈಗ ಸೊನ್ನೆ ತಾರೀಖು ಒತ್ತಿದರೆ, ಹೊಸ ಡೇಟಾಬೇಸಿಗೆ ತಿಳಿಯುವ ಹಾಗೆ ಅದನ್ನು 'ಗೊತ್ತಿಲ್ಲ' ಎಂದು ಬದಲಿಸಿ ಒಳಗೆ ಕಳಿಸುತ್ತದೆ. ನಿಜಕ್ಕೂ ಅರ್ಥವಾಗದ್ದೇನಾದರೂ ಬಂದರೆ, ಪಟ್ಟಿಯಲ್ಲಿ ಹೆಸರಿನ ಜಾಗದಲ್ಲೇ ಒಂದು ಸಾಲು ಮೂಡುತ್ತದೆ: ಹುಡುಕಲು ಆಗಲಿಲ್ಲ, ರಿಜಿಸ್ಟರ್ ನೋಡಿ. ನಿಮ್ಮ ಹಳೆಯ ಪ್ರೋಗ್ರಾಂ ಅದನ್ನೂ ಒಂದು ಹೆಸರೆಂದೇ ತಿಳಿದು ತೋರಿಸುತ್ತದೆ.

ನಿನ್ನೆ, ಈ ಮೂರು ತಿಂಗಳು ನನ್ನ ಖಾಲಿ ಪಟ್ಟಿ ಮರೆಮಾಡಿದ್ದವರ ಹಳೆಯ ಕಾರ್ಡುಗಳನ್ನೆಲ್ಲ ತೆಗೆದು ರಿಜಿಸ್ಟರಿನ ಜೊತೆ ತಾಳೆ ನೋಡುತ್ತಿದ್ದೆ. ನಡುವೆ ಒಂದು ಕಾರ್ಡು: ಗಿರಿಜಮ್ಮ, ಹರಿಹರ. ದಿನ ಸೊನ್ನೆ, ತಿಂಗಳು ಸೊನ್ನೆ... ನಿಮಗೂ ಗೊತ್ತಿರಲಿಲ್ಲವಾ ಅಕ್ಕಾ? ಅಷ್ಟು ವರ್ಷ ಎದುರಿಗೆ ಕೂತು ಉಂಡೆ, ಒಂದು ದಿನವೂ ಕೇಳಲಿಲ್ಲವಲ್ಲ ನಾನು. ಯಾರಾದರೂ ಹುಡುಕಿದ್ದರೆ, ನೀವು ಕಟ್ಟಿದ ದಾಖಲೆಯೇ ನಿಮ್ಮನ್ನು ಇಲ್ಲ ಎನ್ನುತ್ತಿತ್ತು, ಅದೂ ನಾನು ಬರೆದದ್ದರಿಂದ. ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕೌಂಟರಿಗೆ ಹೋಗಿ, ನಿಮ್ಮ ಹೆಸರು, ಸೊನ್ನೆ ತಾರೀಖು ನಾನೇ ಒತ್ತಿದೆ.

ಬಂದಿರಿ.

ನಿಮ್ಮ
ಶೈಲಾ